ಖಾಲಿ ತೂಕ

ನೂರಾ ಅರವತ್ತು ಪಾಲಿನಾಗ ಒಂದು ಪಾಲು.
ಹನ್ನೆರಡು ಮೀಟರಿನ ಟ್ಯಾಂಕು
ನನ್ನ ನಡು ಬೆರಳಷ್ಟ ಆಗತೈತಿ.
ಗದಗ ರೋಡಿನ ಹೋಮಿಯೋಪಥಿ ಡಾಕ್ಟರು
ಬಿಳಿ ಗುಳಿಗಿ ತುಂಬಿ ಕೊಡೂ ಬಾಟ್ಲಿ ಅದಾವಲ್ಲ,
ಅವು ಬರೋಬ್ಬರಿ ದಪ್ಪ, ಎರಡು ಕೂಡಿಸಿದರ ಉದ್ದ.
ಮಂಡಿನೋವಿಗೆ ಅಂತ ಇಪ್ಪತ್ತೆರಡು ಬಾಟ್ಲಿ ನುಂಗಿದೆ.
ನೋವು ಹೋಗಲಿಲ್ಲ, ಹನ್ನೊಂದು ವ್ಯಾಗನ್ ಆದವು.

ಏಣಿ, ಚಾ ಸೋಸೂ ಜಾಳಿಗಿಯಿಂದ ಕತ್ತರಿಸಿದ್ದು.
ಕೆಳಗಿನ ವಾಲ್ವು, ಗುಂಡುಸೂಜಿ ತಲಿ.
ಮ್ಯಾಲಿನ ಮುಚ್ಚಳ, ನೀಲಾಂಬಿಕೆಯ ಕುಪ್ಪಸದ ಟಿಚ್ ಗುಂಡಿ;
ಅಕಿಗೆ ಗೊತ್ತಿಲ್ಲ, ದುರ್ಗದ ಬೈಲಿನ ದರ್ಜಿಗೆ ಬೈತಾಳ.
ಹಳಿ ಹಾಸಿದ್ದು ಹಳೇ ಬಾಗಿಲದ ಮ್ಯಾಲ.
ಚಿಲಕ ಇದ್ದ ತೂತು ಈಗ ಕೆರಿ.
ಹಳಿ ಒಂಬತ್ತು ಮಿಲಿಮೀಟರು,
ಲೆಕ್ಕಕ್ಕ ಹತ್ತೂವರಿ ಇರಬೇಕಿತ್ತು.
ಯಾರು ಅಳೀತಾರ, ನನ್ನ ಬಿಟ್ಟು?

ಅಕ್ಷರ ಬರಿಯೂದು ಹಳೇ ಕೆಲಸ.
ವರ್ಕ್‌ಶಾಪಿನ್ಯಾಗ ಇಪ್ಪತ್ತೊಂಬತ್ತು ವರ್ಷ
ತಗಡಿನ ಸ್ಟೆನ್ಸಿಲ್ ಹಿಡದು ಅದನ್ನ ಮಾಡೀನಿ:
ನಂಬರು, ಖಾಲಿ ತೂಕ, ಮತ್ತ ತಿರುಗಿ ಬರೂ ತಾರೀಖು.
ಪ್ರತಿ ಗಾಡಿ ಮೈಮ್ಯಾಲ ಇರತೈತಿ ಅದು, ನೀವು ನೋಡಿರೂದಿಲ್ಲ.
ಯಾವ ಊರಾಗ ಇರಲಿ, ಆ ದಿನಕ್ಕ ರಿಪೇರಿಗೆ ಬರಬೇಕು.
ಈಗ ಕುಂಚದಾಗ ಎರಡ ಕೂದಲು ಉಳಿಸೀನಿ,
ಉಸಿರು ಹಿಡದು ಬರೀತೀನಿ.
ಬಿಟ್ಟರ, ಒಂದು ಹೋಗಿ ಏಳಾಗತೈತಿ.

ಎಲ್ಲಾ ಸಣ್ಣದಾಗೂದಿಲ್ಲ ಖರೇ.
ಧೂಳು ತನ್ನ ಸೈಜಿನಾಗ ಬಂದು ಕೂಡತೈತಿ,
ಒಂದ ಕಣ, ಹಳಿ ಮ್ಯಾಲ ಗುಂಡಗಲ್ಲು ಬಿದ್ದಂಗ.
ಒಮ್ಮೆ ಒಂದಕ್ಕ ನೀರು ತುಂಬಿಸಿ ನೋಡಿದೆ.
ಬಾಯಿಗೆ ಬಂದ ಹನಿ ಅಲ್ಲೇ ಉಬ್ಬಿ ನಿಂತಿತು,
ಒಳಗೂ ಹೋಗವಲ್ಲದು, ಹೊರಗೂ ಬೀಳವಲ್ಲದು.

ತೂಕದ್ದೂ ಹಂಗ.
ಇಪ್ಪತ್ತೇಳು ಟನ್ ಅಂತ ಬರದೀನಿ.
ಉದ್ದ, ಅಗಲ, ಎತ್ತರ, ಮೂರೂ ಕಡೆ ಭಾಗಿಸಿದರ
ಆರೂವರಿ ಗ್ರಾಂ ಬರಬೇಕು.
ಪತ್ತಾರ ಕಾಳಪ್ಪನ ತಕ್ಕಡಿ ಒಂಬತ್ತು ತೋರಿಸ್ತು.
"ಬಂಗಾರ ಆಗಿದ್ದರ ಲಾಭ ಇತ್ತಲ್ಲೋ" ಅಂದ.
ಅದ ಲೆಕ್ಕದಾಗ ನಮ್ಮ ದೇವದಾನಂ
ಒಂದು ಅಕ್ಕಿ ಕಾಳಿಗಿಂತ ಹಗುರ.

ದೇವದಾನಂ ಟ್ಯಾಂಕಿನೊಳಗ ಇಳಿಯಾಂವ.
ಮೊದಲ ಉಗಿ ಬಿಟ್ಟು, ಆಮ್ಯಾಲ ಕಸಬರಿಗಿ ಕೊಟ್ಟು ಇಳಸ್ತಿದ್ದರು.
ಒಳಗಿಂದ ಎರಡು ಸಲ ಬಡದರ, ಅಂವ ಆರಾಮ.
ಹೊರಗಿಂದ ನಾ ಎರಡು ಬಡದರ, ಕೇಳಿಸ್ತು.
ಆ ಮಂಗಳವಾರ ಊಟದ ಭೋಂಗಾ ಆತು.
ಅದರ ಸದ್ದಿನಾಗ ಅಂವ ಬಡದನೋ ಇಲ್ಲೋ.
ನಾ ಎರಡು ಬಡದೆ.
ಮತ್ತ ಎರಡು.
ಹಗ್ಗ ಜಗ್ಗಿದ ಗೆರಿ ಅಂಗೈಯಾಗ ಐತಿ, ಬಲಗೈ.

ಬದುಕಿದ. ವಾಸನಿ ಮಾತ್ರ ಹೋತು.
ಮಲ್ಲಿಗಿ, ಮೀನು, ಥಿನ್ನರ್, ಎಲ್ಲಾ ಒಂದ ಅಂವಗ.
ಹೆಂಡತಿ ಮೂಸಿ ಕೊಟ್ಟ ಹಾಲು ಕುಡೀತಾನ.

ಹೋದ ಐತವಾರ ಚರ್ಚು ಮುಗಿಸಿ ಬಂದಿದ್ದ.
ಕನ್ನಡಕ ಹಣಿಗೆ ಏರಿಸಿ, ಮೂಗು ಹಳಿಗೆ ಹಚ್ಚಿ,
ಗಾಡಿ ಮೂರು ಸುತ್ತು ಹೊಡಿಯೂ ತನಕ ಮಾತಾಡಲಿಲ್ಲ.
ಆಮ್ಯಾಲ ಉಗುರಿಲೆ ಒಂದು ಮುಚ್ಚಳ ಮೀಟಿ
"ಅಂಟಿಸೀಯೇನ?" ಅಂದ.
ಹೂಂ ಅಂದೆ.
"ಎಲ್ಲಾವೂ?"
ಚಾ ಅರ್ಧ ಬಿಟ್ಟು ಎದ್ದು ಹೋದ.

ರಾತ್ರಿ ಬ್ಲೇಡು ತಗೊಂಡು ಕುಂತೆ.
ಹನ್ನೊಂದೂ ಮುಚ್ಚಳ ಎಬ್ಬಿಸಿದೆ, ಎರಡು ಮುರದವು.
ಓಡೂ ಗಾಡಿಯ ಬಾಯಿ ತಗದಿರಬಾರದು,
ಆ ರೂಲು ನನಗ ಹೇಳಬ್ಯಾಡ್ರಿ.
ಕಡೀ ವ್ಯಾಗನ್ನಿಗೆ ತಾರೀಖು ಒಂದ ಬಾಕಿ.
ಕುಂಚ ಎತ್ತಿ ಹಿಡದೀನಿ, ಯಾವುದು ಬರೀಲಿ ತಿಳೀವಲ್ದು.
ಬೆಳಕು ಹರೀತು.
ಅಡಗಿ ಮನ್ಯಾಗ ನೀಲಾಂಬಿಕೆ
ಚಾ ಸೋಸೂ ಜಾಳಿಗಿ ಹುಡಕಾಕ ಹತ್ಯಾಳ.